ಕಡಿಮೆ ಮಾರ್ಜಿನ್ ಯಾರನ್ನೂ ಉಳಿಸಿಲ್ಲ

ಆನ್‌ಲೈನ್ ಬೆಟ್ಟಿಂಗ್ ವಿಷಯ ಬಂದಾಗಲೆಲ್ಲ ಓದಿಕೊಂಡವರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ. ಜೂಜು ಒಳ್ಳೆಯದೋ ಕೆಟ್ಟದ್ದೋ ಆ ಚರ್ಚೆ ಬಿಡಿ, ಆಡುವವನು ಹೇಗೂ ಆಡುತ್ತಾನೆ. ಆಡುವುದಾದರೆ ಲೆಕ್ಕ ಹಾಕಿ ಆಡಲಿ, ಯಾವ ಬುಕ್‌ಮೇಕರ್ ಎಷ್ಟು ಮಾರ್ಜಿನ್ ಇಟ್ಟುಕೊಂಡಿದ್ದಾನೆಂದು ಹೋಲಿಸಿ ನೋಡಲಿ, ಎಲ್ಲಿ ಕಡಿಮೆಯೋ ಅಲ್ಲಿ ಖಾತೆ ತೆರೆಯಲಿ. ಅರ್ಥಶಾಸ್ತ್ರ ಓದಿದವರು ಇದನ್ನೇ ಇನ್ನಷ್ಟು ಬೆಳೆಸುತ್ತಾರೆ: ಬೆಟ್ಟಿಂಗನ್ನು ಕಾನೂನುಬದ್ಧ ಮಾಡಿ, ಪೈಪೋಟಿ ಬರುತ್ತದೆ, ಪೈಪೋಟಿಯಿಂದ ಮಾರ್ಜಿನ್ ಇಳಿಯುತ್ತದೆ, ಗಿರಾಕಿ ಉಳಿದುಕೊಳ್ಳುತ್ತಾನೆ. ಈ ಮಾತಿನ ಅಡಿಪಾಯದಲ್ಲಿ ಎರಡು ನಂಬಿಕೆಗಳಿವೆ. ಮಾರ್ಜಿನ್ ಎಂದರೆ ಬೆಟ್ಟಿಂಗಿನ ಬೆಲೆ ಎಂಬುದು ಒಂದು. ಆ ಬೆಲೆ ಇಳಿದರೆ ಆಡುವವನಿಗೆ ಬೀಳುವ ಪೆಟ್ಟೂ ಇಳಿಯುತ್ತದೆ ಎಂಬುದು ಇನ್ನೊಂದು. ಎರಡೂ ತಪ್ಪು. ಎರಡನೆಯದಂತೂ ಮನೆಗಳನ್ನು ಹಾಳು ಮಾಡಿದ ತಪ್ಪು.

ಮೊದಲು ಮಾರ್ಜಿನ್ ಎಂದರೇನೆಂದು ನೋಡೋಣ. ಬೆಂಗಳೂರು–ಚೆನ್ನೈ ಪಂದ್ಯದಲ್ಲಿ ಎರಡೂ ತಂಡಗಳಿಗೆ ಸಮಾನ ಅವಕಾಶವಿದೆ ಎಂದಿಟ್ಟುಕೊಳ್ಳಿ. ನ್ಯಾಯವಾದ ದರ ಎರಡಕ್ಕೂ 2.00, ನೂರು ರೂಪಾಯಿ ಕಟ್ಟಿ ಗೆದ್ದವನಿಗೆ ಇನ್ನೂರು. ಬುಕ್‌ಮೇಕರ್ 2.00 ಕೊಡುವುದಿಲ್ಲ, 1.90 ಕೊಡುತ್ತಾನೆ. ಒಂದನ್ನು 1.90ರಿಂದ ಭಾಗಿಸಿದರೆ ಶೇ. 52.63, ಎರಡು ತಂಡಕ್ಕೆ ಸೇರಿ 105.26. ನೂರರ ಮೇಲಿನ ಆ ಐದು ಚಿಲ್ಲರೆಯೇ ಅವನ ಹಿಡಿತ. ಎರಡೂ ಕಡೆ ಸಮನಾಗಿ ಹಣ ಬಿದ್ದರೆ, ಯಾರೇ ಗೆದ್ದರೂ ಕಟ್ಟಿದ ಪ್ರತಿ ನೂರರಲ್ಲಿ ಐದು ಅವನ ಗಲ್ಲಾ ಸೇರುತ್ತದೆ. ಇನ್ನೊಬ್ಬ 1.95 ಕೊಟ್ಟರೆ ಅವನಿಗೆ ಉಳಿಯುವುದು ಎರಡೂವರೆ. ಒಂದೇ ಪಂದ್ಯಕ್ಕೆ, ಒಂದೇ ಮೊತ್ತವನ್ನು, ಒಂದೇ ಸಲ ಕಟ್ಟುವವನಿಗೆ 1.95ರವನು ಮೇಲು, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಒಂದೇ ಸಲ ಕಟ್ಟಿ ಎದ್ದುಹೋಗುವ ಗಿರಾಕಿಯನ್ನು ನಂಬಿ ಈ ಉದ್ಯಮದ ಯಾವ ಕಂಪನಿಯೂ ನಡೆಯುವುದಿಲ್ಲ.

ಇದಕ್ಕೆ ಪುರಾವೆ ಬೇಕಾದವರು ಬ್ರಿಟನ್ನಿನತ್ತ ನೋಡಬೇಕು. ಬೆಟ್ಟಿಂಗ್ ಅಂಗಡಿಗಳಿಗೆ ಅಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1961ರಲ್ಲಿ. ಶತಮಾನದ ಕೊನೆಯ ಹೊತ್ತಿಗೆ ಸರ್ಕಾರವು ಗಿರಾಕಿ ಕಟ್ಟಿದ ಒಟ್ಟು ಹಣದ ಮೇಲೆ ಶೇ. 6.75ರಷ್ಟು ತೆರಿಗೆ ಹಾಕುತ್ತಿತ್ತು. ಅಂಗಡಿಯವರು ಅದಕ್ಕೆ ತಮ್ಮದನ್ನೂ ಸೇರಿಸಿ ಗಿರಾಕಿಯಿಂದ ಶೇ. 9 ಕಡಿತ ಮಾಡುತ್ತಿದ್ದರು. ಇಂಟರ್ನೆಟ್ ಬಂದಮೇಲೆ ದೊಡ್ಡ ಬುಕ್‌ಮೇಕರುಗಳು ಜಿಬ್ರಾಲ್ಟರಿಗೆ ಹೋಗಿ ಕೂತು, ತೆರಿಗೆಯಿಲ್ಲದ ದರ ಕೊಡತೊಡಗಿದರು. ಹಣಕಾಸು ಸಚಿವ ಗಾರ್ಡನ್ ಬ್ರೌನ್ ಮಣಿದರು. 2001ರ ಅಕ್ಟೋಬರಿನಿಂದ ಒಟ್ಟು ಪಣದ ಮೇಲಿನ ತೆರಿಗೆ ಹೋಯಿತು. ಅದರ ಜಾಗದಲ್ಲಿ ಬುಕ್‌ಮೇಕರನ ನಿವ್ವಳ ಗಳಿಕೆಯ ಮೇಲೆ ಶೇ. 15 ಬಂತು. ಗಿರಾಕಿಯ ಕಡಿತ ಒಂದೇ ದಿನದಲ್ಲಿ ಸೊನ್ನೆಯಾಯಿತು. ಮಾರ್ಜಿನ್ ವಾದಿಗಳು ಕನಸಿನಲ್ಲಿ ಕಾಣುವ ಸುಧಾರಣೆ ಅದು. ಆಡುವವನಿಗೆ ಬೆಲೆ ಇಳಿಯಿತು, ಸರ್ಕಾರಕ್ಕೆ ತೆರಿಗೆ ಉಳಿಯಿತು, ಕಂಪನಿಗಳು ದೇಶಕ್ಕೆ ಮರಳಿದವು.

ಅದೇ ಬಾಗಿಲಿನಿಂದ ರೂಲೆ ಯಂತ್ರವೂ ಒಳಗೆ ಬಂತು. ರೂಲೆ ಚಕ್ರದಲ್ಲಿ 37 ಮನೆಗಳು. ಸರಿಯಾದ ಸಂಖ್ಯೆ ಹೇಳಿದವನಿಗೆ ಒಂದಕ್ಕೆ ಮೂವತ್ತೈದು, ಜೊತೆಗೆ ಕಟ್ಟಿದ ಒಂದೂ ವಾಪಸ್. ಉಳಿದ ಆ ಒಂದು ಮನೆ, ಅಂದರೆ ಸೊನ್ನೆ, ಆಟ ನಡೆಸುವವನದು. 37ರಲ್ಲಿ 1 ಎಂದರೆ ಶೇ. 2.7. ಪ್ರತಿ ಪಣದ ಮೇಲೆ ಶೇ. 6.75 ತೆರಿಗೆ ಇರುವ ತನಕ ಶೇ. 2.7 ಮಾತ್ರ ಕೊಡುವ ಆಟವನ್ನು ಯಾವ ಅಂಗಡಿಯೂ ನಡೆಸಲಾರದು. ತೆರಿಗೆ ಗಳಿಕೆಯ ಮೇಲೆ ಬಂದ ಕೂಡಲೇ ಅದೇ ಆಟ ಚಿನ್ನದ ಗಣಿಯಾಯಿತು. ಬೀದಿಬದಿಯ ಅಂಗಡಿಗಳಲ್ಲಿ ಟಚ್ ಸ್ಕ್ರೀನಿನ ಯಂತ್ರಗಳು ಬಂದು ನಿಂತವು. 2005ರ ಜೂಜು ಕಾಯ್ದೆ ಅಂಗಡಿಗೆ ನಾಲ್ಕು ಎಂದು ಮಿತಿ ಹಾಕಿತು. ಒಂದು ಸುತ್ತಿಗೆ ಗರಿಷ್ಠ ಪಣ 100 ಪೌಂಡ್. ಸುತ್ತು ಮುಗಿಯಲು 20 ಸೆಕೆಂಡ್.

ಈ ಲೆಕ್ಕವನ್ನು ಸಾವಧಾನವಾಗಿ ಮಾಡಿ ನೋಡಬೇಕು. 20 ಸೆಕೆಂಡಿಗೊಂದು ಸುತ್ತಾದರೆ ಗಂಟೆಗೆ 180 ಸುತ್ತು. ಸುತ್ತಿಗೆ 100 ಪೌಂಡಿನಂತೆ ಗಂಟೆಯಲ್ಲಿ 18,000 ಪೌಂಡ್ ಪಣಕ್ಕೆ ಬೀಳುತ್ತದೆ. ಅದರ ಶೇ. 2.7 ಎಂದರೆ 486 ಪೌಂಡ್. ಒಂದು ಗಂಟೆಗೆ ಸರಾಸರಿ ನಷ್ಟ ಅಷ್ಟು. ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ಒಬ್ಬ ಮುದುಕ ಮಧ್ಯಾಹ್ನವೆಲ್ಲ ಕೂತು ಆರು ಕುದುರೆ ರೇಸಿಗೆ ಎರಡೆರಡು ಪೌಂಡ್ ಕಟ್ಟುತ್ತಾನೆ. ರೇಸಿನ ಮಾರ್ಜಿನ್ ಶೇ. 15 ಎಂದೇ ಹಿಡಿಯಿರಿ, ಯಂತ್ರದ ಐದೂವರೆ ಪಟ್ಟು. ಅವನ ಸರಾಸರಿ ನಷ್ಟ ಒಂದು ಪೌಂಡ್ 80 ಪೆನ್ಸ್. ಮಾರ್ಜಿನ್ ಪಟ್ಟಿ ಮಾಡುವವರ ಪ್ರಕಾರ ಮೋಸ ಹೋದವನು ಈ ಮುದುಕ. ಜಾಣ ಗಿರಾಕಿ ಯಂತ್ರದ ಮುಂದೆ ನಿಂತವನು.

ಆ ಯಂತ್ರಗಳು ಮಾಡಿದ್ದೇನು ಎಂಬುದು ಸಾರ್ವಜನಿಕ ದಾಖಲೆಯಲ್ಲಿದೆ. 2010ರ ದಶಕದ ಮಧ್ಯದ ಹೊತ್ತಿಗೆ ಬೆಟ್ಟಿಂಗ್ ಅಂಗಡಿಗಳ ಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವುಗಳಿಂದಲೇ ಬರುತ್ತಿತ್ತು. ವರ್ಷಕ್ಕೆ ಸುಮಾರು 180 ಕೋಟಿ ಪೌಂಡ್. ಪತ್ರಿಕೆಗಳೂ ಹೋರಾಟಗಾರರೂ ಅವನ್ನು ಜೂಜಿನ ಕ್ರ್ಯಾಕ್ ಕೊಕೇನ್ ಎಂದು ಕರೆದರು. ಕೊನೆಗೆ ಸರ್ಕಾರ ಗರಿಷ್ಠ ಪಣವನ್ನು 100 ಪೌಂಡಿನಿಂದ 2 ಪೌಂಡಿಗೆ ಇಳಿಸಲು ಒಪ್ಪಿತು. ಜಾರಿಗೆ ತರುವುದನ್ನು ಮುಂದೂಡಿದ್ದಕ್ಕೆ ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ 2018ರ ನವೆಂಬರಿನಲ್ಲಿ ರಾಜೀನಾಮೆ ಬಿಸಾಕಿದರು. 2019ರ ಏಪ್ರಿಲ್ 1ರಿಂದ ಮಿತಿ ಜಾರಿಗೆ ಬಂತು. ಗಮನಿಸಿ, ಅಲ್ಲಿ ಯಾರೂ ಮಾರ್ಜಿನ್ ಇಳಿಸಿ ಎಂದು ಕೇಳಲಿಲ್ಲ. ಇಳಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ. ಇಡೀ ಅಂಗಡಿಯಲ್ಲೇ ಅತ್ಯಂತ ಅಗ್ಗದ ಸರಕು ಆ ಯಂತ್ರ. ಇನ್ನೊಂದು ತುದಿಗೆ ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯನ್ನು ಇಟ್ಟು ನೋಡಿ. ಟಿಕೆಟ್ ಹಣದಲ್ಲಿ ಬಹುಮಾನವಾಗಿ ಮರಳುವುದು ಅರ್ಧದ ಆಸುಪಾಸು. ಮಾರ್ಜಿನ್ ಲೆಕ್ಕದಲ್ಲಿ ಅದಕ್ಕಿಂತ ದುಬಾರಿ ಜೂಜು ಸಿಗುವುದು ಕಷ್ಟ. ಆದರೆ ವಾರಕ್ಕೆರಡು ಡ್ರಾ ಇರುವ ಲಾಟರಿ ಒಂದೇ ಮಧ್ಯಾಹ್ನದಲ್ಲಿ ಯಾರ ತಿಂಗಳ ಸಂಬಳವನ್ನೂ ನುಂಗಲಿಲ್ಲ.

ಕಿಲೋಮೀಟರಿಗೆ ಎಷ್ಟು ಎಂದು ಚೌಕಾಸಿ ಮಾಡಿ, ಎಷ್ಟು ಕಿಲೋಮೀಟರ್ ಸುತ್ತಿಸುತ್ತಾನೆ ಎಂದು ಕೇಳದೆ ಆಟೋ ಹತ್ತುವವನ ಜಾಣತನ ಇದು. ನಷ್ಟವೆಂದರೆ ಮಾರ್ಜಿನ್ ಗುಣಿಸು ಆಡಿದ ಒಟ್ಟು ಹಣ. ಹೋಲಿಕೆ ಪಟ್ಟಿಗಳು ಮೊದಲನೆಯದನ್ನು ಎರಡು ದಶಮಾಂಶ ಸ್ಥಾನದವರೆಗೆ ಅಳೆಯುತ್ತವೆ, ಎರಡನೆಯದರ ಸುದ್ದಿಯನ್ನೇ ಎತ್ತುವುದಿಲ್ಲ.

ಇದೇ ಲೆಕ್ಕವನ್ನು ನಮಗೆ ಗೊತ್ತಿರುವ ಆಟಕ್ಕೆ ತನ್ನಿ. ಐಪಿಎಲ್ ಪಂದ್ಯ ಶುರುವಾಗುವ ಮೊದಲು ಒಬ್ಬ ಶೇ. 5 ಮಾರ್ಜಿನ್ ಇರುವ ಕಡೆ ಸಾವಿರ ರೂಪಾಯಿ ಕಟ್ಟಿ ಸುಮ್ಮನೆ ಪಂದ್ಯ ನೋಡುತ್ತಾನೆ. ಅವನ ಸರಾಸರಿ ನಷ್ಟ 50 ರೂಪಾಯಿ. ಇನ್ನೊಬ್ಬ ಮಾರ್ಜಿನ್ ಹೋಲಿಸಿ ನೋಡಿ ಶೇ. 2.5ರ ಕಡೆ ಹೋಗಿದ್ದಾನೆ. ಅಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಪ್ರತಿ ಓವರಿಗೂ ದರ ತೆರೆಯುತ್ತದೆ. ಈ ಓವರಿನಲ್ಲಿ ಎಷ್ಟು ರನ್, ವಿಕೆಟ್ ಬೀಳುತ್ತದೋ ಇಲ್ಲವೋ. 40 ಓವರಿಗೆ 40 ಸಲ ಸಾವಿರ ಕಟ್ಟಿದ ಎನ್ನಿ. ಪಣಕ್ಕೆ ಬಿದ್ದದ್ದು 40,000, ಸರಾಸರಿ ನಷ್ಟ 1,000. ಅರ್ಧ ಬೆಲೆಗೆ ಕೊಂಡವನು ಇಪ್ಪತ್ತು ಪಟ್ಟು ಕಳೆದುಕೊಂಡ. ಈ ಲೆಕ್ಕವೂ ಅವನ ಪರವಾಗಿಯೇ ಹಾಕಿದ್ದು, ಏಕೆಂದರೆ ಪಂದ್ಯದ ನಡುವೆ ತೆರೆಯುವ ದರಗಳಲ್ಲಿ ಮಾರ್ಜಿನ್ ಸಾಮಾನ್ಯವಾಗಿ ಪಂದ್ಯದ ಮೊದಲಿನದಕ್ಕಿಂತ ಹೆಚ್ಚೇ ಇರುತ್ತದೆ.

ಇಲ್ಲಿಗೆ ಬಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಪಟ್ಟಿಯಲ್ಲಿ ಬರೆದಿರುವ ಮಾರ್ಜಿನ್ ಯಾವುದರದು? ಬಹುಪಾಲು ಅದು ದೊಡ್ಡ ಲೀಗಿನ ದೊಡ್ಡ ಪಂದ್ಯದ ಸೋಲು-ಗೆಲುವಿನ ದರ, ಅಂದರೆ ಕಂಪನಿಗಳು ಕಿಟಕಿಯಲ್ಲಿ ತೂಗುಹಾಕುವ ಸರಕು. ಗಳಿಕೆ ಒಳಗಿನ ಕೋಣೆಯಲ್ಲಿದೆ. ಐದು ಪಂದ್ಯಗಳನ್ನು ಸರಪಳಿ ಮಾಡಿ ಕಟ್ಟುವ ಅಕ್ಯುಮ್ಯುಲೇಟರ್ ತೆಗೆದುಕೊಳ್ಳಿ. ಪ್ರತಿ ಕೊಂಡಿಯಲ್ಲೂ ನೂರಕ್ಕೆ 95 ಮರಳಿದರೆ ಐದು ಕೊಂಡಿ ದಾಟುವಾಗ ಮರಳುವುದು 77, ಶೇ. 5 ಎಂದು ಹೇಳಿದ್ದು ಶೇ. 23ರ ಹತ್ತಿರ ಹೋಗಿ ನಿಂತಿತು. ಹತ್ತು ಕೊಂಡಿಯಾದರೆ ಮರಳುವುದು 60. ಇನ್ನು ಒಂದೇ ಪಂದ್ಯದ ಹಲವು ಘಟನೆಗಳನ್ನು, ಅಂದರೆ ಈತ ಐವತ್ತು ಹೊಡೆಯುತ್ತಾನೆ, ಆತ ಎರಡು ವಿಕೆಟ್ ತೆಗೆಯುತ್ತಾನೆ, ಈ ತಂಡ ಗೆಲ್ಲುತ್ತದೆ ಎಂಬುದನ್ನೆಲ್ಲ, ಒಟ್ಟಿಗೆ ಪೋಣಿಸುವ ಬೆಟ್ ಬಿಲ್ಡರ್ ಇದೆ. ಇದರ ಮಾರ್ಜಿನ್ನನ್ನು ಗಿರಾಕಿ ಲೆಕ್ಕ ಹಾಕಲು ದಾರಿಯೇ ಇಲ್ಲ. ಮಾರ್ಜಿನ್ ತಿಳಿಯಬೇಕಾದರೆ ಆಗಬಹುದಾದ ಎಲ್ಲ ಫಲಿತಾಂಶಗಳ ದರವೂ ಕಣ್ಣ ಮುಂದಿರಬೇಕು. ಇಲ್ಲಿ ಕಾಣುವುದು ಅವನು ಪೋಣಿಸಿದ ಒಂದೇ ಮಾಲೆಯ ದರ. ಅಳತೆಗೆ ಸಿಗುವ ಸರಕಿನ ಬೆಲೆ ಇಳಿಸಿ, ಅಳತೆಗೆ ಸಿಗದ ಸರಕಿನತ್ತ ಗಿರಾಕಿಯನ್ನು ದೂಡುವುದು ಈ ವ್ಯಾಪಾರದ ಇಂದಿನ ರೀತಿ.

ಅಮೆರಿಕದಲ್ಲಿ ಇದು ಅಂಕಿಯಲ್ಲೇ ಕಾಣುತ್ತದೆ. 2018ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್ ತಡೆಯುತ್ತಿದ್ದ ಒಕ್ಕೂಟದ ಕಾನೂನನ್ನು ತೆಗೆದುಹಾಕಿದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಬಾಗಿಲು ತೆರೆಯಿತು. ಅಲ್ಲಿನ ರೂಢಿಯ ದರ, 100 ಗೆಲ್ಲಲು 110 ಕಟ್ಟುವುದು. ಅದರ ಮಾರ್ಜಿನ್ ಶೇ. 4.5. ಆದರೆ 2023ರಲ್ಲಿ ಅಲ್ಲಿನ ಕಂಪನಿಗಳು ಗಿರಾಕಿಗಳು ಕಟ್ಟಿದ ಹಣದಲ್ಲಿ ನಿಜವಾಗಿ ಉಳಿಸಿಕೊಂಡದ್ದು ಸುಮಾರು ಶೇ. 9. ಬೋರ್ಡಿನ ಮೇಲಿನ ಬೆಲೆಯ ಎರಡು ಪಟ್ಟು. ಸರಪಳಿ ಬೆಟ್‌ಗಳು ಇದರ ಮುಖ್ಯ ಕಾರಣ.

ಒಂದೇ ಮಾರುಕಟ್ಟೆಯೊಳಗೂ ಮಾರ್ಜಿನ್ ಸಮನಾಗಿ ಹರಡಿರುವುದಿಲ್ಲ. ಗೆಲ್ಲುವ ಕುದುರೆಯ ಮೇಲೆ ಕಡಿಮೆ, ಯಾರೂ ನಂಬದ ಕುದುರೆಯ ಮೇಲೆ ಹೆಚ್ಚು. ಮನೋವಿಜ್ಞಾನಿ ಗ್ರಿಫಿತ್ 1949ರಲ್ಲೇ ಗುರುತಿಸಿದ ಸಂಗತಿ ಇದು. ಎರಿಕ್ ಸ್ನೋಬರ್ಗ್ ಮತ್ತು ಜಸ್ಟಿನ್ ವುಲ್ಫರ್ಸ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ರೇಸುಗಳ ಲಕ್ಷಾಂತರ ಓಟಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ನೆಚ್ಚಿನ ಕುದುರೆಗೇ ಸದಾ ಕಟ್ಟಿದವನ ನಷ್ಟ ಶೇ. 5.5, ನೂರಕ್ಕೊಂದು ಅಥವಾ ಅದಕ್ಕೂ ದೂರದ ಕುದುರೆಗೆ ಕಟ್ಟಿದವನದು ಶೇ. 61. ಒಂದೇ ರೇಸು, ಒಂದೇ ಬೋರ್ಡು. ಕಷ್ಟದಲ್ಲಿರುವವನು ಕಟ್ಟುವುದು ಯಾವ ಕುದುರೆಗೆ? ಕೈಯಲ್ಲಿರುವ ಇನ್ನೂರನ್ನು ಇಪ್ಪತ್ತು ಸಾವಿರ ಮಾಡಬೇಕಾದವನಿಗೆ ನೆಚ್ಚಿನ ಕುದುರೆಯಿಂದ ಪ್ರಯೋಜನವಿಲ್ಲ. ಸರಾಸರಿ ಮಾರ್ಜಿನ್ ಎಂಬ ಒಂದು ಅಂಕಿ ಅವನ ಪಾಲಿನ ನಿಜವನ್ನು ಮುಚ್ಚಿಡುತ್ತದೆ.

ಇಷ್ಟೆಲ್ಲ ಹೇಳಿದರೂ ಹಟ ಬಿಡದವರ ಕೊನೆಯ ವಾದವೊಂದಿದೆ. ಶಿಸ್ತಿನಿಂದ ಹೋಲಿಸಿ, ಪ್ರತಿ ಸಲವೂ ಅತ್ಯುತ್ತಮ ದರವನ್ನೇ ಹುಡುಕಿ ಕಟ್ಟಿದರೆ ಮಾರ್ಜಿನ್ ಸೊನ್ನೆಗೂ ಇಳಿಯುತ್ತದಲ್ಲ, ಗೆಲ್ಲಲೂಬಹುದಲ್ಲ? ಇದು ಗಟ್ಟಿಯಾದ ವಾದ, ಗೌರವದಿಂದಲೇ ಉತ್ತರಿಸಬೇಕು. ಟೋಕಿಯೊದಲ್ಲಿದ್ದ ಸಂಶೋಧಕ ಲಿಸಾಂಡ್ರೊ ಕೌನಿಟ್ಜ್ ಮತ್ತು ಇಬ್ಬರು ಸಂಗಡಿಗರು ಇದನ್ನೇ ಮಾಡಿ ನೋಡಿದರು. ಎಲ್ಲ ಬುಕ್‌ಮೇಕರುಗಳ ದರದ ಸರಾಸರಿಯಿಂದ ನಿಜವಾದ ಸಂಭವನೀಯತೆಯನ್ನು ಅಂದಾಜಿಸುವುದು. ಯಾರಾದರೂ ಅದಕ್ಕಿಂತ ಸಾಕಷ್ಟು ಹೆಚ್ಚಿನ ದರ ಕೊಟ್ಟಾಗ ಮಾತ್ರ ಕಟ್ಟುವುದು. ಹತ್ತು ವರ್ಷಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಫುಟ್‌ಬಾಲ್ ಪಂದ್ಯಗಳ ಹಳೆಯ ದರದ ಮೇಲೆ ಪರೀಕ್ಷಿಸಿದಾಗ ಶೇ. 3.5 ಲಾಭ ಬಂತು. ಆಮೇಲೆ ನಿಜವಾದ ಹಣ ಹಾಕಿದರು. ಐದು ತಿಂಗಳು, 265 ಬೆಟ್, ಒಂದೊಂದಕ್ಕೆ 50 ಡಾಲರ್, ಶೇ. 8.5 ಲಾಭ. ಅಷ್ಟರಲ್ಲಿ ಬುಕ್‌ಮೇಕರುಗಳು ಅವರ ಖಾತೆಗಳಿಗೆ ಮಿತಿ ಹಾಕತೊಡಗಿದರು. ಕಟ್ಟಲು ಬಿಡುವ ಮೊತ್ತ ಚಿಲ್ಲರೆಗೆ ಇಳಿಯಿತು, ಕೆಲವು ಬೆಟ್‌ಗಳಿಗೆ ಮೊದಲು ಕಂಪನಿಯವರ ಪರಿಶೀಲನೆ ಎಂದಾಯಿತು. ಪ್ರಯೋಗ ಅಲ್ಲಿಗೆ ನಿಂತಿತು. 2017ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು.

ಅಂದರೆ ದರ ಹೋಲಿಸಿ ಗೆಲ್ಲುವ ದಾರಿ ಇದೆ, ಆ ದಾರಿಯಲ್ಲಿ ನಡೆಯುವವನನ್ನು ಹೊರಗೆ ಹಾಕುವ ವ್ಯವಸ್ಥೆಯೂ ಇದೆ. ಹೋಲಿಕೆಯ ಲಾಭ ಸಿಗುವುದು ಸೋಲುತ್ತಿರುವ ತನಕ ಮಾತ್ರ. ಬೋರ್ಡಿನ ಮೇಲೆ 1.95 ಎಂದಿದ್ದರೂ ಗೆಲ್ಲುವ ಗಿರಾಕಿಗೆ ಅದು ಎರಡು ಪೌಂಡಿನ ಮಟ್ಟಿಗಷ್ಟೇ ನಿಜ, ಸೋಲುವ ಗಿರಾಕಿಗೆ ಎರಡು ಸಾವಿರದವರೆಗೂ ನಿಜ. ಹೀಗಿರುವಾಗ ಅದನ್ನು ಬೆಲೆ ಎಂದು ಕರೆಯುವುದು ಹೇಗೆ? ಕೊಳ್ಳುವವನ ಮುಖ ನೋಡಿ ಮಾರುವುದೋ ಬಿಡುವುದೋ ತೀರ್ಮಾನಿಸುವ ಅಂಗಡಿಯಲ್ಲಿ ಬೆಲೆಪಟ್ಟಿಗೆ ಅರ್ಥವಿಲ್ಲ.

ಗೆದ್ದವರನ್ನು ಹೊರಹಾಕದ ಜಾಗಗಳೂ ಇವೆ, ನಿಜ. ಕ್ಯುರಸಾವ್ ದ್ವೀಪದ ಪಿನಾಕಲ್ ಅಂಥ ಹೆಸರು ಗಳಿಸಿದೆ. ಅದರ ಮಾರ್ಜಿನ್ ಕಡಿಮೆ ಇರುವುದು, ಗೆಲ್ಲುವವರು ಕಟ್ಟುವ ಹಣದಿಂದಲೇ ಪಾಠ ಕಲಿತು ಅದು ದರವನ್ನು ನಿಖರ ಮಾಡಿಕೊಳ್ಳುವುದರಿಂದ. ಅಷ್ಟು ನಿಖರವಾದ ದರದೆದುರು ಟಿ.ವಿ. ನೋಡಿ ಕಟ್ಟುವ ಸಾಮಾನ್ಯನಿಗೆ ಯಾವ ಅವಕಾಶವೂ ಉಳಿಯುವುದಿಲ್ಲ. ಇನ್ನು 2000ದಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೆಟ್‌ಫೇರ್ ವಿನಿಮಯ ಕೇಂದ್ರ. ಗಿರಾಕಿಗಳು ತಮ್ಮತಮ್ಮಲ್ಲೇ ಬಾಜಿ ಕಟ್ಟುವ, ಮಾರ್ಜಿನ್ ತೀರಾ ತೆಳ್ಳಗಿರುವ ಜಾಗ ಅದು. ಸತತವಾಗಿ ಗೆಲ್ಲುವವರ ಮೇಲೆ ಅದು 2008ರಲ್ಲಿ ಪ್ರೀಮಿಯಂ ಶುಲ್ಕ ತಂದಿತು. 2011ರಲ್ಲಿ ಅತಿ ಹೆಚ್ಚು ಗೆಲ್ಲುವವರಿಗೆ ಅದು ಲಾಭದ ಶೇ. 60ರವರೆಗೂ ಏರಿತು.

ಕಡಿಮೆ ಮಾರ್ಜಿನ್ ಗಿರಾಕಿಯನ್ನು ಉಳಿಸುತ್ತದೆ ಎಂಬ ಈ ನಂಬಿಕೆಯನ್ನು ಹರಡುತ್ತಿರುವವರು ಯಾರು ಎಂಬುದನ್ನೂ ನೋಡಬೇಕು. ಬ್ರಿಟನ್ನಿನ ಅತಿ ಪ್ರಸಿದ್ಧ ದರ ಹೋಲಿಕೆ ತಾಣ ಆಡ್ಸ್‌ಚೆಕರ್ 2021ರಲ್ಲಿ ಮಾರಾಟವಾಗುವ ತನಕ ವರ್ಷಗಟ್ಟಲೆ ಬುಕ್‌ಮೇಕರ್ ಸಮೂಹಗಳ ಒಡೆತನದಲ್ಲೇ ಇತ್ತು. ಇಂಥ ತಾಣಗಳು ಗಿರಾಕಿಯನ್ನು ಕಂಪನಿಗೆ ಕಳುಹಿಸಿ ಹಣ ಪಡೆಯುತ್ತವೆ. ಎಷ್ಟೋ ಒಪ್ಪಂದಗಳಲ್ಲಿ ಆ ಹಣ ಗಿರಾಕಿ ಮುಂದೆ ಕಳೆದುಕೊಳ್ಳುವ ಮೊತ್ತದ ಒಂದು ಪಾಲು. ನನ್ನ ಸೋಲಿನಲ್ಲಿ ಪಾಲುದಾರನಾದವನು ಇಲ್ಲಿ ಕಟ್ಟು, ಇಲ್ಲಿ ನಿನಗೆ ಒಳ್ಳೆಯದು ಎಂದು ಹೇಳಿದರೆ ಅದನ್ನು ಗ್ರಾಹಕ ಜಾಗೃತಿ ಎನ್ನಲು ನನಗೆ ಸಾಧ್ಯವಿಲ್ಲ. ಆ ಪಟ್ಟಿಗಳಲ್ಲಿ ಇರುವ ಅಂಕಿಗಳು ಸುಳ್ಳೆಂದು ನಾನು ಹೇಳುತ್ತಿಲ್ಲ; ಹೋಲಿಸಲು ಆರಿಸಿಕೊಂಡ ಅಂಕಿಯೇ ಗಿರಾಕಿಯ ನಷ್ಟದ ಕಡೆಗೆ ಕಣ್ಣು ಹೋಗದಂತೆ ಮಾಡುತ್ತದೆ.

ಆ ನಷ್ಟ ಎಲ್ಲಿ ಬೀಳುತ್ತದೆ ಎಂಬುದನ್ನು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಸಮಿತಿ 2020ರ ಜುಲೈಯಲ್ಲಿ ತನ್ನ ವರದಿಯಲ್ಲಿ ದಾಖಲಿಸಿತು: ಉದ್ಯಮದ ಲಾಭದ ಶೇ. 60 ಬರುತ್ತಿರುವುದು ಶೇ. 5 ಗಿರಾಕಿಗಳಿಂದ, ಜೂಜಿನ ಚಟಕ್ಕೆ ಬಿದ್ದವರಿಂದ ಅಥವಾ ಬೀಳುವ ಅಂಚಿನಲ್ಲಿರುವವರಿಂದ. ಆ ಶೇ. 5ರಲ್ಲಿ ಒಬ್ಬನಿಗೆ ಶೇ. 5ರ ಬದಲು ಶೇ. 2.5ರ ಖಾತೆ ತೋರಿಸಿ ನೋಡಿ. ಅವನು ಅರ್ಧ ಹಣ ಕಳೆದುಕೊಂಡು ಮನೆಗೆ ಹೋಗುವುದಿಲ್ಲ. ಹಾಕಿದ ಹಣ ತೀರುವ ತನಕ ಆಡುತ್ತಾನೆ. ಮಾರ್ಜಿನ್ ಕಡಿಮೆಯಾದಷ್ಟೂ ಅದು ತೀರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ಅವನು ಫೋನಿನ ಮುಂದೆಯೇ ಇರುತ್ತಾನೆ, ನಡುನಡುವೆ ಸಿಗುವ ಸಣ್ಣ ಗೆಲುವುಗಳು ಅವನನ್ನು ಅಲ್ಲೇ ಹಿಡಿದು ಕೂರಿಸುತ್ತವೆ. ಕಡಿಮೆ ಮಾರ್ಜಿನ್ ಅವನಿಗೆ ಕೊಡುವುದು ಹಣವನ್ನಲ್ಲ, ಆಟದ ಸಮಯವನ್ನು. ಚಟದವನಿಗೆ ಕೊಡಬಾರದ ಉಡುಗೊರೆ ಏನಾದರೂ ಇದ್ದರೆ ಅದು ಇದೇ.

ನಮ್ಮಲ್ಲಿ ಇದರ ಚರ್ಚೆ ಮುಗಿದಿಲ್ಲ. ಕ್ರಿಕೆಟ್ ಸುಧಾರಣೆಗಾಗಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿ 2016ರಲ್ಲಿ ಕ್ರಿಕೆಟ್ ಬೆಟ್ಟಿಂಗನ್ನು ಕಾನೂನುಬದ್ಧಗೊಳಿಸಬಹುದೆಂದಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. 2023ರ ಅಕ್ಟೋಬರಿನಿಂದ ಗಿರಾಕಿ ಹಾಕಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಬಂದಾಗ, ಕಂಪನಿಗಳು ತೆರಿಗೆ ತಮ್ಮ ಗಳಿಕೆಯ ಮೇಲೆ ಮಾತ್ರ ಇರಲಿ ಎಂದು ಪಟ್ಟುಹಿಡಿದವು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ದೇಶವ್ಯಾಪಿ ನಿಷೇಧಿಸಿತು. ಈ ನಿಷೇಧ ಉಳಿಯುತ್ತದೋ, ನಾಳೆ ಪರವಾನಗಿ ವ್ಯವಸ್ಥೆ ಬರುತ್ತದೋ, ಅದು ಬೇರೆ ಮಾತು. ಆದರೆ ಪರವಾನಗಿಯ ಪರ ವಾದ ಎದ್ದಾಗಲೆಲ್ಲ ಗಳಿಕೆಯ ಮೇಲೆ ತೆರಿಗೆ ಹಾಕಿ, ಮಾರ್ಜಿನ್ ಇಳಿಯಲಿ, ಗಿರಾಕಿಗೆ ಲಾಭ ಎಂಬ ಮಾತು ಮೊದಲ ಸಾಲಿನಲ್ಲೇ ಬಂದು ನಿಲ್ಲುತ್ತದೆ. 2001ರಲ್ಲಿ ಬ್ರಿಟನ್ ಕೇಳಿ ಒಪ್ಪಿದ ಮಾತು ಅದೇ.

ಹೋಲಿಸಲೇಬೇಕಾದರೆ ಹೋಲಿಸುವ ಸಂಗತಿಗಳು ಬೇರೆ ಇವೆ, ಕಂಪನಿಗಳ ಕಂಪ್ಯೂಟರಿನಲ್ಲಿ ಅವೆಲ್ಲ ಈಗಾಗಲೇ ಇವೆ. ವರ್ಷದಲ್ಲಿ ಗಿರಾಕಿಗಳು ಖಾತೆಗೆ ಹಾಕಿದ ಪ್ರತಿ ನೂರು ರೂಪಾಯಿಯಲ್ಲಿ ಎಷ್ಟು ಅವರ ಬ್ಯಾಂಕಿಗೆ ಮರಳಿತು? ಹಾಕಿದ ಹಣ ಸರಾಸರಿ ಎಷ್ಟು ಸಲ ಪಣಕ್ಕೆ ತಿರುಗಿತು? ಒಂದು ಬೆಟ್ಟಿಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡಿನ ಬಿಡುವಿದೆ? ಗೆದ್ದ ಕಾರಣಕ್ಕೆ ಮಿತಿ ಹಾಕಿಸಿಕೊಂಡ ಖಾತೆಗಳೆಷ್ಟು? ಒಟ್ಟು ಗಳಿಕೆಯಲ್ಲಿ ಅತಿ ಹೆಚ್ಚು ಕಳೆದುಕೊಂಡ ಶೇ. 5 ಜನರ ಪಾಲೆಷ್ಟು? ಈ ಐದು ಅಂಕಿಗಳನ್ನು ವರ್ಷವರ್ಷ ಪ್ರಕಟಿಸದ ಕಂಪನಿಗೆ, ಅದರ ಮಾರ್ಜಿನ್ ಎಷ್ಟೇ ತೆಳ್ಳಗಿರಲಿ, ಯಾವ ಸರ್ಕಾರವೂ ಪರವಾನಗಿ ಕೊಡಬಾರದು, ಯಾವ ಪತ್ರಿಕೆಯೂ ಅದರ ಜಾಹೀರಾತು ಹಾಕಬಾರದು.